ಕಾರು ‘ಲೋ’ ಮಾಡಿಸಿದ್ರೆ ಹ್ಯಾಂಡ್ಲಿಂಗ್ ಚೆನ್ನಾಗಾಗುತ್ತಾ? ಮೂವತ್ತು ಮಿಲಿಮೀಟರ್‌ನ ಪೂರ್ತಿ ಲೆಕ್ಕ

(ಆಡಿಯೊ ಸಂಚಿಕೆಯ ಬರಹ ರೂಪ)

ಮೈಸೂರಿನ ರಾಜೀವನಗರದಿಂದ ಮಾತಾಡ್ತಿದ್ದೀನಿ. ಹಿಂದಿನ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಸಾಲದ ಬಡ್ಡಿ ಬಗ್ಗೆ ಮಾತಾಡಿದ್ದೆ. ಅದಕ್ಕೆ ಬಂದ ವಾಯ್ಸ್ ನೋಟ್‌ಗಳಲ್ಲಿ ಬಡ್ಡಿ ಬಗ್ಗೆ ಕೇಳಿದವರು ಕಮ್ಮಿ. ಬಹಳ ಜನ ಕೇಳಿದ್ದು ಒಂದೇ: “ಬ್ರೋ, ಗಾಡಿ ತಗೊಂಡಾಯ್ತು. ಸ್ಪ್ರಿಂಗ್ ಚೇಂಜ್ ಮಾಡಿಸಿ ಲೋ ಮಾಡಿಸಿದ್ರೆ ಹ್ಯಾಂಡ್ಲಿಂಗ್ ಚೆನ್ನಾಗಾಗುತ್ತಾ?” ಪೋಲೋ ಇಟ್ಟುಕೊಂಡವರು, ಐ20 ಎನ್ ಲೈನ್ ಇಟ್ಟುಕೊಂಡವರು, ಸ್ವಿಫ್ಟ್ ಇಟ್ಟುಕೊಂಡವರು, ಎಲ್ಲರದ್ದೂ ಇದೇ ಪ್ರಶ್ನೆ.

ಆಗುತ್ತೆ, ಆದ್ರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಮತ್ತೆ, ಒಂದು ಅಳತೆ ದಾಟಿದ ಮೇಲೆ ಅದೇ ಕೆಲಸ ಕಾರನ್ನು ಮೊದಲಿಗಿಂತ ಹಾಳು ಮಾಡುತ್ತೆ. ಆ ಅಳತೆ ಎಲ್ಲಿದೆ ಅನ್ನೋದನ್ನೇ ಇವತ್ತು ಬಿಡಿಸಿ ನೋಡೋಣ. ನಾನು ಇಂಜಿನಿಯರ್ ಅಲ್ಲ, ಬಿ.ಕಾಂ. ಓದಿದವನು. ಹಾಗಾಗಿ ಎಲ್ಲದಕ್ಕೂ ಮೊದಲು ಲೆಕ್ಕ ಹಾಕೋದು ಅಭ್ಯಾಸ. ಈ ವಿಷಯದಲ್ಲಿ ಆ ಅಭ್ಯಾಸ ಉಪಯೋಗಕ್ಕೇ ಬಂತು.

ಹಾಟ್ ಹ್ಯಾಚ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮನೆಗೆ ಸಾಮಾನು ತರೋ ಸಣ್ಣ ಹ್ಯಾಚ್‌ಬ್ಯಾಕಿಗೆ ಜೋರಾದ ಇಂಜಿನ್ನು, ಬಿಗಿ ಸಸ್ಪೆನ್ಷನ್ನು ಕೊಟ್ಟರೆ ಅದು ಹಾಟ್ ಹ್ಯಾಚ್. ಈ ಜಾತಿಗೆ ಹೆಸರು ತಂದುಕೊಟ್ಟದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1975ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ತೋರಿಸಿದರು. 110 ಹಾರ್ಸ್‌ಪವರ್, ಸಾಮಾನ್ಯ ಗಾಲ್ಫ್‌ಗಿಂತ ತಗ್ಗಿಸಿದ ಸಸ್ಪೆನ್ಷನ್. ಆ ಜಿಟಿಐ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದದ್ದು 2025ರಲ್ಲಿ, ಐವತ್ತು ಲಕ್ಷ ದಾಟಿದ ಬೆಲೆಗೆ. ಅದು ನಮ್ಮ ಬಜೆಟ್ ಅಲ್ಲ ಬಿಡಿ. ನಮ್ಮ ಕೈಗೆ ಎಟುಕಿದ್ದು 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ, 2015ರ ಅಬಾರ್ತ್ ಪುಂಟೊ, 2017ರ ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್. ಶುದ್ಧವಾದಿಗಳು ಇವುಗಳಲ್ಲಿ ಅರ್ಧಕ್ಕೆ ‘ವಾರ್ಮ್ ಹ್ಯಾಚ್’ ಅಂತಾರೆ. ಬಿಸಿಯೋ ಬೆಚ್ಚಗೋ, ಪೋಲೋ ಭಾರತದಲ್ಲಿ 2022ಕ್ಕೆ ನಿಂತುಹೋಯ್ತು. ಹಾಗಾಗಿ ಈಗ ಹುಡುಗರ ಕೈಗೆ ಬರ್ತಿರೋದೆಲ್ಲ ಸೆಕೆಂಡ್ ಹ್ಯಾಂಡು. ಅದೊಂದು ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ನನ್ನ ಚಿಕ್ಕಪ್ಪನ ಮಗ ಅಂಥದ್ದೇ ಒಂದು ಜಿಟಿ ಟಿಎಸ್‌ಐ ತಗೊಂಡಿದ್ದಾನೆ. ಕೆಎ 55 ರಿಜಿಸ್ಟ್ರೇಷನ್, ಎಂಬತ್ತು ಸಾವಿರ ಕಿಲೋಮೀಟರ್ ಓಡಿದೆ. ಮನೆಯ ಒಂದೇ ಗಾಡಿ ಅದು. ಚಿಕ್ಕಪ್ಪನಿಗೆ ಬೆನ್ನಿನ ಡಿಸ್ಕ್ ಆಪರೇಷನ್ ಆಗಿದೆ, ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಅದರಲ್ಲೇ ಹೋಗಬೇಕು. ಹುಡುಗ ಒಂದು ವರ್ಷ ದುಡಿದು ನಲವತ್ತೈದು ಸಾವಿರ ಕೂಡಿಟ್ಟಿದ್ದ. “ಅಣ್ಣಾ, ಮುಂದೆ ಹಿಂದೆ ಎರಡೂ ನಲವತ್ತು ಎಂಎಂ ಇಳಿಸ್ಬೇಕು ಅಂತ ಇದ್ದೀನಿ, ಏನಂತೀಯ?” ಅಂದ. ನಾನು ‘ಬೇಡ’ ಅನ್ನೋಕೂ ಹೋಗಲಿಲ್ಲ, ‘ಮಾಡ್ಸು’ ಅನ್ನೋಕೂ ಹೋಗಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಇವತ್ತಿನ ಸಂಚಿಕೆಯಲ್ಲಿ ಇರೋದು ಆ ಲೆಕ್ಕವೇ.

ತೂಕ ಎಲ್ಲಿಗೆ ಹೋಗುತ್ತೆ?

ಅಕ್ಕಿ ಮೂಟೆ ತಲೆ ಮೇಲೆ ಹೊತ್ತುಕೊಂಡು ಓಡ್ತಾ ಒಂದೇ ಸಲಕ್ಕೆ ಬಲಕ್ಕೆ ತಿರುಗಿ ನೋಡಿ. ಮೂಟೆ ಎಡಕ್ಕೆ ವಾಲುತ್ತೆ, ಜೊತೆಗೆ ನೀವೂ. ಅದೇ ಮೂಟೆಯನ್ನು ಸೊಂಟದ ಮಟ್ಟದಲ್ಲಿ ಅಪ್ಪಿಕೊಂಡು ತಿರುಗಿದ್ರೆ ಅಷ್ಟು ಕಷ್ಟ ಆಗಲ್ಲ. ಕಾರಿನ ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ, ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ತೂಕ ಜಾರುತ್ತೆ ಅನ್ನೋದು ನಿಂತಿದೆ.

ಇದನ್ನು ಲೆಡ್ಜರ್ ಥರ ಯೋಚಿಸಿ. ಎಡಗಡೆ ಚಕ್ರಗಳದ್ದು ಒಂದು ಖಾತೆ, ಬಲಗಡೆಯದ್ದು ಇನ್ನೊಂದು. ತಿರುವಿನಲ್ಲಿ ಒಂದು ಖಾತೆಗೆ ಡೆಬಿಟ್, ಇನ್ನೊಂದಕ್ಕೆ ಕ್ರೆಡಿಟ್. ಒಟ್ಟು ಮೊತ್ತ ಬದಲಾಗಲ್ಲ. ಜಾರುವ ತೂಕದ ಸೂತ್ರ ಸರಳ: ಕಾರಿನ ತೂಕ, ಇಂಟು ತಿರುವಿನ ಬಲ, ಇಂಟು ತೂಕದ ಕೇಂದ್ರದ ಎತ್ತರ, ಭಾಗಿಸು ಎಡ–ಬಲ ಚಕ್ರಗಳ ನಡುವಿನ ಅಂತರ.

ಉದಾಹರಣೆಗೆ ಡ್ರೈವರ್ ಸೇರಿ 1,150 ಕೆ.ಜಿ. ಕಾರು ಅಂತ ಇಟ್ಕೊಳ್ಳಿ. ತೂಕದ ಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿ, ಚಕ್ರಗಳ ಅಂತರ 1.46 ಮೀಟರ್, ತಿರುವಿನ ಬಲ 0.7 ಜಿ. ಅದು ರಸ್ತೆಯಲ್ಲಿ ಪಕ್ಕದ ಸೀಟಿನವರು ಕಿರುಚೋ ಮಟ್ಟದ ವೇಗ. ಜಾರುವ ತೂಕ ಸುಮಾರು 303 ಕೆ.ಜಿ. ಈಗ ಕಾರನ್ನು 30 ಮಿಲಿಮೀಟರ್ ಇಳಿಸಿ, ಅಂದ್ರೆ 55 ಇದ್ದದ್ದು 52 ಆಗ್ಲಿ. ಜಾರುವ ತೂಕ 287 ಕೆ.ಜಿ.

ವ್ಯತ್ಯಾಸ ಹದಿನಾರು ಕೆ.ಜಿ. ಶೇಕಡ ಐದಕ್ಕಿಂತ ಚೂರು ಜಾಸ್ತಿ, ಅಷ್ಟೇ.

ಹದಿನಾರು ಕೆ.ಜಿ. ಉಪಯೋಗವೇ ಇಲ್ಲ ಅಂತಲ್ಲ. ಟೈರಿನ ಒಂದು ಗುಣ ಏನಂದ್ರೆ, ಅದರ ಮೇಲೆ ತೂಕ ಎರಡು ಪಟ್ಟು ಹಾಕಿದ್ರೆ ಹಿಡಿತ ಎರಡು ಪಟ್ಟು ಆಗಲ್ಲ. ಎಂಟು ಗಂಟೆ ಕೆಲಸ ಮಾಡೋ ಹುಡುಗನನ್ನ ಹದಿನಾರು ಗಂಟೆ ಕೂರಿಸಿದ್ರೆ ಡಬಲ್ ಕೆಲಸ ಬರಲ್ಲ ಅಲ್ವಾ, ಹಾಗೆ. ಹೊರಗಿನ ಟೈರಿಗೆ ಹೊರೆ ಜಾಸ್ತಿ, ಒಳಗಿನದಕ್ಕೆ ಕೆಲಸವೇ ಇಲ್ಲ ಅಂತಾದ್ರೆ ನಾಲ್ಕೂ ಟೈರಿನ ಒಟ್ಟು ಹಿಡಿತ ಕುಗ್ಗುತ್ತೆ. ಆದ್ದರಿಂದ ಜಾರುವ ತೂಕ ಕಮ್ಮಿ ಆದಷ್ಟೂ ಒಳ್ಳೇದೇ. ಆದ್ರೆ “ಲೋ ಮಾಡಿಸಿದ ದಿನದಿಂದ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಗ್ತಿದೆ” ಅಂತ ರೀಲ್ಸ್‌ನಲ್ಲಿ ಹೇಳ್ತಾರಲ್ಲ, ಆ ಫೀಲ್ ಈ ಐದು ಪರ್ಸೆಂಟ್‌ನಿಂದ ಬಂದದ್ದಲ್ಲ.

ಹಾಗಾದ್ರೆ ಎಲ್ಲಿಂದ ಬಂತು? ಹೊಸ ಸ್ಪ್ರಿಂಗ್ ಹಳೇದಕ್ಕಿಂತ ಗಟ್ಟಿ ಇರುತ್ತೆ, ಅಲ್ಲಿಂದ. ಗಟ್ಟಿ ಸ್ಪ್ರಿಂಗ್ ಹಾಕಿದ್ರೂ ಒಟ್ಟು ಜಾರುವ ತೂಕ ಅಷ್ಟೇ ಇರುತ್ತೆ, ಸೂತ್ರದಲ್ಲಿ ಸ್ಪ್ರಿಂಗ್ ಅನ್ನೋ ಪದವೇ ಇಲ್ಲ ನೋಡಿ. ಆದ್ರೆ ಕಾರಿನ ಬಾಡಿ ವಾಲೋದು ಕಮ್ಮಿ ಆಗುತ್ತೆ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತೆ. ನಮ್ಮ ಹ್ಯಾಚ್‌ಬ್ಯಾಕ್‌ಗಳ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್. ಬಾಡಿ ವಾಲಿದಾಗ ಹೊರಗಿನ ಚಕ್ರವೂ ಅದರ ಜೊತೆ ಹೊರಕ್ಕೆ ವಾಲಿ ಟೈರಿನ ಅಂಚಿನ ಮೇಲೆ ನಿಲ್ಲುತ್ತೆ. ವಾಲೋದು ಕಮ್ಮಿ ಆದ್ರೆ ಟೈರು ರಸ್ತೆ ಮೇಲೆ ಪೂರ್ತಿ ಕೂರುತ್ತೆ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಗಟ್ಟಿ ಆದ್ರೆ, ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯೋ ಫ್ರಂಟ್ ವೀಲ್ ಡ್ರೈವ್ ಚಾಳಿ ಕೂಡ ಕಮ್ಮಿ ಆಗುತ್ತೆ.

ಅಂದ್ರೆ ಸಿಗೋ ಲಾಭದಲ್ಲಿ ದೊಡ್ಡ ಪಾಲು ಬಿಗಿಯದ್ದು, ಎತ್ತರದ್ದಲ್ಲ. ನನ್ನ ತಮ್ಮನಿಗೆ ಇದು ಹೊಳೆದದ್ದೇ ತಡ, ನಲವತ್ತು ಎಂಎಂ ಅನ್ನೋ ಹಠ ಅರ್ಧಕ್ಕೆ ಇಳೀತು.

ಸ್ಪ್ಯಾನರ್ ಉದ್ದ ಆಗೋ ಕಥೆ

ಈಗ ಯಾರೂ ಹೇಳದ ಭಾಗಕ್ಕೆ ಬರ್ತೀನಿ. ಸ್ವಲ್ಪ ತಾಳ್ಮೆಯಿಂದ ಓದಿ.

ಕಾರು ವಾಲೋದು ಒಂದು ಕಾಲ್ಪನಿಕ ಬಿಂದುವಿನ ಸುತ್ತ. ಅದಕ್ಕೆ ರೋಲ್ ಸೆಂಟರ್ ಅಂತಾರೆ. ಮುಂದಿನ ಚಕ್ರದ ಒಳಗೆ ಬಗ್ಗಿ ನೋಡಿದ್ರೆ, ಚಕ್ರವನ್ನು ಕಾರಿನ ಅಡಿಗೆ ಜೋಡಿಸೋ ಒಂದು ತೋಳು ಕಾಣುತ್ತೆ, ಮೆಕ್ಯಾನಿಕ್‌ಗಳು ಲೋವರ್ ಆರ್ಮ್ ಅಂತಾರೆ. ಕಂಪನಿಯಿಂದ ಬಂದ ಎತ್ತರದಲ್ಲಿ ಅದು ಸಾಮಾನ್ಯವಾಗಿ ಚಕ್ರದ ಕಡೆಗೆ ಚೂರು ಇಳಿಜಾರಾಗಿರುತ್ತೆ. ಕಾರನ್ನು ತಗ್ಗಿಸಿದಾಗ ಅದು ಮಟ್ಟಸ ಆಗುತ್ತೆ. ಇನ್ನೂ ತಗ್ಗಿಸಿದ್ರೆ ಚಕ್ರದ ಕಡೆ ಮೇಲಕ್ಕೆ ಏರುತ್ತೆ. ಈ ಕೋನ ಬದಲಾದಂತೆ ರೋಲ್ ಸೆಂಟರ್ ಕೆಳಗೆ ಹೋಗುತ್ತೆ, ಅದೂ ಬಾಡಿ ಇಳಿದದ್ದಕ್ಕಿಂತ ಹೆಚ್ಚು.

ತೂಕದ ಕೇಂದ್ರ ಮೂರು ಸೆಂಟಿಮೀಟರ್ ಇಳೀತು, ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳೀತು ಅಂದ್ರೆ, ಎರಡರ ನಡುವಿನ ದೂರ ಜಾಸ್ತಿ ಆಯ್ತು. ಟೈಟಾದ ನಟ್ ಬಿಚ್ಚೋಕೆ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಉದ್ದ ಮಾಡ್ತೀವಲ್ಲ, ಅದೇ ಇಲ್ಲೂ ಆಗೋದು. ಕಾರನ್ನು ವಾಲಿಸೋ ಬಲಕ್ಕೆ ನಾವೇ ಉದ್ದದ ಸ್ಪ್ಯಾನರ್ ಕೊಟ್ಟ ಹಾಗೆ. ಸ್ಪ್ರಿಂಗ್ ಅದೇ ಇದ್ದು ಎತ್ತರ ಮಾತ್ರ ಇಳಿಸಿದ್ರೆ, ತಗ್ಗಿದ ಕಾರು ಮೊದಲಿಗಿಂತ ಜಾಸ್ತಿ ವಾಲಬಹುದು. ನೋಡೋಕೆ ರೇಸ್ ಕಾರು, ತಿರುವಿನಲ್ಲಿ ದೋಣಿ! ರೇಸ್ ತಂಡಗಳು ಇದನ್ನು ಸರಿ ಮಾಡೋಕೆ ಉದ್ದದ ಬಾಲ್ ಜಾಯಿಂಟ್ ಹಾಕ್ತಾರೆ, ಆರ್ಮಿನ ಜಾಗವನ್ನೇ ಬದಲಾಯಿಸ್ತಾರೆ. ನಮ್ಮ ರಸ್ತೆ ಕಾರಿಗೆ ಅದನ್ನೆಲ್ಲ ಮಾಡಿಸೋರು ಎಷ್ಟು ಜನ?

ಸ್ಟೇರಿಂಗ್‌ನ ಟೈ ರಾಡ್‌ದೂ ಇದೇ ತಕರಾರು. ಅದರ ಕೋನ ಮತ್ತು ಲೋವರ್ ಆರ್ಮಿನ ಕೋನ ಹೊಂದಾಣಿಕೆ ತಪ್ಪಿದ್ರೆ, ಗುಂಡಿಗೆ ಚಕ್ರ ಇಳಿದಾಗ ನೀವು ತಿರುಗಿಸದೇ ಚಕ್ರ ತಾನೇ ಚೂರು ತಿರುಗುತ್ತೆ. ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಹೋಗುವಾಗ ಒಂದು ಜಾಯಿಂಟ್ ದಾಟಿದ ಕೂಡಲೇ ಸ್ಟೇರಿಂಗ್ ಕೈಯಲ್ಲಿ ತುಡೀತಿದೆ ಅಂದ್ರೆ ಇದೂ ಒಂದು ಕಾರಣ ಇರಬಹುದು.

ಚಕ್ರ ಮೇಲಕ್ಕೆ ಹೋಗೋಕೆ ಜಾಗ ಬೇಕಲ್ಲ

ನನ್ನ ಪ್ರಕಾರ ಇಡೀ ವಿಷಯದ ಹೃದಯ ಇಲ್ಲಿದೆ.

ಗುಂಡಿ, ಹಂಪ್ ಸಿಕ್ಕಾಗ ಚಕ್ರ ಬಾಡಿ ಕಡೆಗೆ ಮೇಲಕ್ಕೆ ಹೋಗಬೇಕು. ಆ ದಾರಿಯ ಕೊನೆಯಲ್ಲಿ ಬಂಪ್ ಸ್ಟಾಪ್ ಅಂತ ಒಂದು ರಬ್ಬರ್ ಅಥವಾ ಫೋಮ್ ತುಂಡು ಇರುತ್ತೆ. ಕಾರು ನಿಂತಾಗ ಆ ದಾರಿ 80 ಮಿಲಿಮೀಟರ್ ಇದೆ ಅಂತ ಇಟ್ಕೊಳ್ಳಿ. ಸ್ಪ್ರಿಂಗ್ ಬದಲಾಯಿಸಿ 30 ಇಳಿಸಿದ್ರಿ. ಉಳಿದದ್ದು 50.

ಅದೇ ಗುಂಡಿ, ಅದೇ ವೇಗ, ಅದೇ ಏಟು. ಮೊದಲು 80ರಲ್ಲಿ ನುಂಗುತ್ತಿದ್ದ ಏಟನ್ನು ಈಗ 50ರಲ್ಲಿ ನುಂಗಬೇಕು. ಸ್ಪ್ರಿಂಗ್ ಹಿಡಿದಿಡೋ ಶಕ್ತಿ, ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಪಿಯುಸಿ ಫಿಸಿಕ್ಸ್. 80ನ್ನು 50ರಿಂದ ಭಾಗಿಸಿ ವರ್ಗ ಮಾಡಿ: 2.56. ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್ ಎರಡನ್ನೂ ಲೆಕ್ಕದಿಂದ ಬಿಟ್ಟರೆ, ಸ್ಪ್ರಿಂಗ್ ಎರಡೂವರೆ ಪಟ್ಟು ಗಟ್ಟಿ ಆಗಬೇಕು. ಅಷ್ಟು ಗಟ್ಟಿ ಸ್ಪ್ರಿಂಗ್‌ನ ಯಾರೂ ರಸ್ತೆ ಕಾರಿಗೆ ಮಾರಲ್ಲ, ಹಾಕಿದ್ರೆ ಕೂರೋಕೂ ಆಗಲ್ಲ. ಹಾಗಾದ್ರೆ ಉಳಿದ ಏಟು ಎಲ್ಲಿಗೆ ಹೋಗುತ್ತೆ? ಬಂಪ್ ಸ್ಟಾಪಿಗೆ, ಅಲ್ಲಿಂದ ಬಾಡಿಗೆ, ಸ್ಟ್ರಟ್ ಮೌಂಟಿಗೆ, ಕೊನೆಗೆ ಹಿಂದಿನ ಸೀಟಲ್ಲಿ ಕೂತ ಚಿಕ್ಕಪ್ಪನ ಬೆನ್ನಿಗೆ.

ಬೆನ್ನು ನೋವಿಲ್ಲದವರು ನಕ್ಕು ಮುಂದೆ ಹೋಗಬೇಡಿ. ತಿರುವಿನ ಮಧ್ಯದಲ್ಲಿ ಬಾಡಿ ವಾಲಿ ಹೊರಗಿನ ಚಕ್ರ ಆಗಲೇ ಅರ್ಧ ದಾರಿ ಮೇಲೆ ಹೋಗಿರುತ್ತೆ. ಅಲ್ಲೊಂದು ಸಣ್ಣ ಉಬ್ಬು ಸಿಕ್ಕಿ ಚಕ್ರ ಬಂಪ್ ಸ್ಟಾಪಿಗೆ ಬಡಿದ್ರೆ, ಆ ಕ್ಷಣಕ್ಕೆ ಆ ಚಕ್ರದಲ್ಲಿ ಸ್ಪ್ರಿಂಗ್ ಇಲ್ಲ, ಕಲ್ಲು ಇದ್ದ ಹಾಗೆ. ಮುಂದಿನ ಚಕ್ರ ಬಡಿದ್ರೆ ಕಾರು ತಿರುಗೋದು ಬಿಟ್ಟು ನೇರಕ್ಕೆ ಹೋಗುತ್ತೆ, ಹಿಂದಿನದು ಬಡಿದ್ರೆ ಹಿಂಭಾಗ ಆಚೆಗೆ ಬೀಸುತ್ತೆ. ಹ್ಯಾಂಡ್ಲಿಂಗ್‌ಗೋಸ್ಕರ ಖರ್ಚು ಮಾಡಿದ ದುಡ್ಡು ಹ್ಯಾಂಡ್ಲಿಂಗನ್ನೇ ಕಿತ್ತುಕೊಳ್ಳೋದು ಹೀಗೆ. ರೇಸ್ ಟ್ರ್ಯಾಕು ನುಣುಪು, ಅಲ್ಲಿ ಚಕ್ರಕ್ಕೆ ಹೆಚ್ಚು ದಾರಿ ಬೇಕಿಲ್ಲ. ಅದೇ ರ‍್ಯಾಲಿ ಕಾರನ್ನು ನೋಡಿ. ಮಣ್ಣಿನ ಸ್ಟೇಜಿಗೆ ಹೋಗೋ ಕಾರು ಎತ್ತರ ನಿಂತಿರುತ್ತೆ, ಚಕ್ರ ಉದ್ದಕ್ಕೆ ಆಡುತ್ತೆ. ವೇಗ ಗೊತ್ತಿರೋ ಜನವೇ ಅದನ್ನು ಎತ್ತರ ಇಟ್ಟಿದ್ದಾರೆ. ಇನ್ನು ನಮ್ಮ ಕ್ರಾಸ್ ರೋಡ್‌ಗಳು ಟ್ರ್ಯಾಕಿಗೆ ಹತ್ತಿರವೋ ರ‍್ಯಾಲಿ ಸ್ಟೇಜಿಗೆ ಹತ್ತಿರವೋ, ನೀವೇ ಹೇಳಿ.

ಹಂಪ್ ಅಳೆದ ಭಾನುವಾರ

ಹಂಪ್ ವಿಷಯಕ್ಕೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ, ರಸ್ತೆಗಳ ಮಾನದಂಡ ಬರೆಯೋರು. ಅವರ ಐಆರ್‌ಸಿ 99 ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟೋ ಹಾಗೆ ಇರಬೇಕು.

ಇದರಲ್ಲೊಂದು ಮಜಾ ಇದೆ. ಹ್ಯಾಚ್‌ಬ್ಯಾಕಿನ ಮುಂದಿನ ಹಿಂದಿನ ಚಕ್ರಗಳ ನಡುವೆ ಸುಮಾರು ಎರಡೂವರೆ ಮೀಟರ್. ಹಂಪು 3.7 ಮೀಟರ್ ಅಗಲ ಇದ್ದಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತೆ. ಆಗ ಚಕ್ರಗಳ ನಡುವೆ ಕಮಾನು ಮೇಲೆದ್ದು ಬರೋದು ಬರೀ ನಾಲ್ಕೂವರೆ ಸೆಂಟಿಮೀಟರ್! ಎರಡೂವರೆಯ ವರ್ಗವನ್ನು, 17ರ ಎಂಟು ಪಟ್ಟಿನಿಂದ ಭಾಗಿಸಿ ನೋಡಿ. ಅಂದ್ರೆ ನಿಯಮದಂತೆ ಕಟ್ಟಿದ ಹಂಪಿನ ಮೇಲೆ ಎಂಥ ತಗ್ಗಿದ ಕಾರೂ ನಿಧಾನಕ್ಕೆ ಹೋದ್ರೆ ಹೊಟ್ಟೆ ಉಜ್ಜಿಕೊಳ್ಳಲ್ಲ.

ನಾನು, ನನ್ನ ತಮ್ಮ ಒಂದು ಭಾನುವಾರ ಬೆಳಗ್ಗೆ ಟೇಪು, ಒಂದು ನೇರ ಪಟ್ಟಿ ಹಿಡ್ಕೊಂಡು ನಮ್ಮ ಮನೆ ಹತ್ತಿರದ ಹಂಪ್ ಅಳೆದ್ವಿ. ಪಕ್ಕದ ಮನೆ ಅಜ್ಜಿ ಗೇಟ್ ಹತ್ರ ಬಂದು “ಏನಪ್ಪಾ, ರೋಡ್ ಅಗಲ ಮಾಡ್ತಾರಾ? ನಮ್ಮ ಕಾಂಪೌಂಡ್ ಹೋಗುತ್ತಾ?” ಅಂತ ಗಾಬರಿಯಿಂದ ಕೇಳಿದ್ರು. ಅವರಿಗೆ ಸಮಾಧಾನ ಹೇಳೋಕೆ ಹತ್ತು ನಿಮಿಷ ಬೇಕಾಯ್ತು. ಹಂಪು 13 ಸೆಂಟಿಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲ. ಇದು ಕಮಾನಲ್ಲ, ಗೋಡೆ. ಪೂರ್ತಿ ಹಂಪು ಎರಡು ಚಕ್ರಗಳ ನಡುವೆ ಸಲೀಸಾಗಿ ಕೂರುತ್ತೆ, ಅಂದ್ರೆ 13ಕ್ಕೆ 13 ಸೆಂಟಿಮೀಟರೂ ಕಾರಿನ ಅಡಿಯಿಂದ ದಾಟಬೇಕು.

ಪೋಲೋದ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಇದ್ದಾಗ 165 ಮಿಲಿಮೀಟರ್. ನಾಲ್ಕು ಜನ ಕೂತ್ರೆ ಎರಡು ಮೂರು ಸೆಂಟಿಮೀಟರ್ ಇಳಿಯುತ್ತೆ, ಅಲ್ಲಿಗೆ ಸುಮಾರು 140. ಹಂಪು 130. ಈಗಲೇ ಕೂದಲೆಳೆ ಅಂತರ. ನಲವತ್ತು ಎಂಎಂ ಇಳಿಸಿದ್ರೆ ನೂರಕ್ಕೆ ಬರುತ್ತೆ. ಮುಂದಿನ ಚಕ್ರ ಹಂಪಿಂದ ದಡಕ್ಕನೆ ಇಳಿಯುವಾಗ ಮೂತಿ ಇನ್ನೂ ಕುಗ್ಗುತ್ತೆ, ಆಗ ಮೊದಲು ತಾಗೋದು ಇಂಜಿನ್ ಅಡಿಯ ಆಯಿಲ್ ಚೇಂಬರ್ ಕಡೆ. ಅದು ಒಡೆದು ಆಯಿಲ್ ಸೋರಿದ್ದು ಗಮನಕ್ಕೆ ಬರದೆ ಓಡಿಸಿದ್ರೆ ಇಂಜಿನ್ ಹೋಯ್ತು. ಸ್ಟೀಲ್ ಗಾರ್ಡ್ ಹಾಕಿಸಬಹುದು. ಆದ್ರೆ ಆ ಗಾರ್ಡೂ ಒಂದೆರಡು ಸೆಂಟಿಮೀಟರ್ ತಿನ್ನುತ್ತೆ.

ವಿದೇಶಿ ವಿಡಿಯೊ ನೋಡಿ ತೀರ್ಮಾನ ಮಾಡೋರಿಗೆ ಒಂದು ಮಾತು. ಕಂಪನಿಗಳು ಯುರೋಪಿನ ಕಾರನ್ನು ಭಾರತಕ್ಕೆ ತರುವಾಗ ಎತ್ತರ ಮಾಡಿ ತರ್ತಾವೆ, ಇಂಥ ರಸ್ತೆ ನೋಡಿಯೇ. ಅದರ ಅರ್ಥ ನಮ್ಮ ಕಾರುಗಳಲ್ಲಿ ಇಳಿಸೋಕೆ ಸ್ವಲ್ಪ ಜಾಗ ಇದೆ ಅಂತಲೂ ಹೌದು, ಆ ಜಾಗವನ್ನು ಬೇಕು ಅಂತಲೇ ಬಿಟ್ಟಿದ್ದಾರೆ ಅಂತಲೂ ಹೌದು. ಅಬಾರ್ತ್ ಪುಂಟೊ ಮಾಡಿದ ಫಿಯೆಟ್ ಇಲ್ಲಿ ಧೈರ್ಯ ಮಾಡಿತ್ತು, ಕ್ಲಿಯರೆನ್ಸ್ 155ಕ್ಕೆ ಇಳಿಸಿ ಮಾರಿತು. ಆದ್ರೆ 155, ನೂರಲ್ಲ.

ಸ್ಪ್ರಿಂಗ್ ಕತ್ತರಿಸೋರ ಕಥೆ

ನನ್ನ ತಮ್ಮನಿಗೆ ಒಂದು ಅಂಗಡಿಯಲ್ಲಿ “ಮೂರು ಸಾವಿರ ಕೊಡಿ, ನಾಲ್ಕೂ ಸ್ಪ್ರಿಂಗ್ ಒಂದೊಂದು ಸುತ್ತು ಕಟ್ ಮಾಡಿ ಕೊಡ್ತೀವಿ, ಸಂಜೆ ಗಾಡಿ ತಗೊಂಡು ಹೋಗಿ” ಅಂದಿದ್ರು. ಇದನ್ನು ಮಾತ್ರ ಸುತ್ತು ಬಳಸದೇ ಹೇಳ್ತೀನಿ: ಮಾಡಿಸಬೇಡಿ.

ಸ್ಪ್ರಿಂಗ್ ಅಂದ್ರೆ ಸುರುಳಿ ಸುತ್ತಿದ ಒಂದು ಉದ್ದದ ಸರಳು. ಸುತ್ತು ಕಮ್ಮಿ ಆದಷ್ಟೂ ಗಟ್ಟಿ ಆಗುತ್ತೆ. ಆರು ಸುತ್ತಿನಲ್ಲಿ ಒಂದು ತೆಗೆದ್ರೆ ಶೇ. 20ರಷ್ಟು ಗಟ್ಟಿ. ಕೇಳೋಕೆ ಚೆನ್ನಾಗಿದೆ. ಆದ್ರೆ ಸ್ಪ್ರಿಂಗಿನ ತುದಿಯನ್ನು ಕೂರೋ ಸೀಟಿನ ಆಕಾರಕ್ಕೆ ತಕ್ಕ ಹಾಗೆ ಮಾಡಿರ್ತಾರೆ, ಕತ್ತರಿಸಿದ ತುದಿ ಅಲ್ಲಿ ಸರಿಯಾಗಿ ಕೂರಲ್ಲ. ಗ್ಯಾಸ್ ಕಟರ್ ಹಚ್ಚಿದ್ರೆ ಆ ಜಾಗದ ಉಕ್ಕಿನ ಹದವೇ ಹೋಗುತ್ತೆ, ಒಂದು ದಿನ ಅಲ್ಲೇ ಮುರಿಯುತ್ತೆ. ಮುಖ್ಯ ಅಪಾಯ ಇನ್ನೊಂದು. ಪೋಲೋ ಥರದ ಕಾರಲ್ಲಿ ಹಿಂದೆ ಸ್ಪ್ರಿಂಗೇ ಬೇರೆ, ಶಾಕ್ ಅಬ್ಸಾರ್ಬರೇ ಬೇರೆ. ಚಕ್ರ ಗುಂಡಿಗೆ ಪೂರ್ತಿ ಇಳಿದಾಗ ಗಿಡ್ಡ ಸ್ಪ್ರಿಂಗ್ ಸೀಟಿನಿಂದ ಸಡಿಲ ಆಗಬಹುದು, ಜಾಗ ಬಿಟ್ಟು ಕದಲಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಜಾಕ್ ಹಾಕಿಸಿ ಹಿಂದಿನ ಚಕ್ರ ಎತ್ತಿಸಿ. ಕಾರಿನ ಅಡಿಗೆ ಹೋಗದೆ, ಹೊರಗಿನಿಂದಲೇ ಸ್ಪ್ರಿಂಗ್ ಅಲ್ಲಾಡಿಸಿ ನೋಡಿ. ಸಡಿಲವಾಗಿ ಆಡ್ತಿದ್ರೆ ಯಾರೋ ಕೈಯಾಡಿಸಿದ್ದಾರೆ ಅಂತ ಅನುಮಾನ ಪಡಿ.

ಸರಿಯಾಗಿ ತಯಾರಿಸಿದ ಲೋವರಿಂಗ್ ಸ್ಪ್ರಿಂಗ್‌ದೇ ಬೇರೆ ವಿಷಯ. ಐಬಾಕ್, ಎಚ್ ಆಂಡ್ ಆರ್ ಥರದ ಕಂಪನಿಗಳು ಒಂದೊಂದು ಮಾಡೆಲ್‌ಗೆ ಲೆಕ್ಕ ಹಾಕಿ ಮಾಡ್ತಾರೆ. ಅಲ್ಲೂ ಹಳೇ ಶಾಕ್ ಅಬ್ಸಾರ್ಬರ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕೋದು ಅರ್ಧ ಕೆಲಸ. ಸ್ಪ್ರಿಂಗ್ ಏಟನ್ನು ಹಿಡಿದಿಟ್ಟು ವಾಪಸ್ ಕೊಡುತ್ತೆ, ಶಾಕ್ ಅಬ್ಸಾರ್ಬರ್ ಅದನ್ನು ಬಿಸಿ ಮಾಡಿ ಕರಗಿಸುತ್ತೆ. ಸಾಲ ದೊಡ್ಡದಾದ್ರೆ ತೀರಿಸೋ ತಾಕತ್ತೂ ದೊಡ್ಡದಾಗಬೇಕಲ್ಲ. ಅದು ಆಗದಿದ್ರೆ ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿಯುತ್ತೆ. ಅದಕ್ಕೇ ಬಿಲ್‌ಸ್ಟೈನ್‌ನವರು ಕಂಪನಿ ಎತ್ತರಕ್ಕೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡ ಮಾಡಿದ ಬಿ8 ಅಂತ ಬೇರೆ ಬೇರೆ ಮಾಡಿದ್ದಾರೆ. ಎತ್ತರ ಹೊಂದಿಸೋ ಕಾಯಿಲ್‌ಓವರ್ ಇನ್ನೂ ಮೇಲಿನ ದರ್ಜೆ, ದುಡ್ಡೂ ಹಾಗೆ. ಟ್ರ್ಯಾಕಿಗೆ ಹೋಗದೇ ಇದ್ದವರಿಗೆ ಅದು ದುಂದು ಅಂತ ನನ್ನ ಅಭಿಪ್ರಾಯ.

ಕಾನೂನು ಏನನ್ನುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಮಾಲೀಕ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

“ಆರ್‌ಸಿಯಲ್ಲಿ ಸ್ಪ್ರಿಂಗ್ ಎತ್ತರದ ಕಾಲಂ ಎಲ್ಲಿದೆ ಗುರೂ?” ಅಂತ ಕೇಳೋರಿದ್ದಾರೆ. ಇಲ್ಲ, ನಿಜ. ವೀಲ್‌ಬೇಸ್, ತೂಕ, ಸೀಟು ಇಂಥವು ಇವೆ, ಎತ್ತರ ಇಲ್ಲ. ಆದ್ರೆ ಅದನ್ನು ಪರ್ಮಿಷನ್ ಅಂದುಕೊಂಡು ರಸ್ತೆ ಬದಿ ವಾದ ಮಾಡೋಕೆ ನಿಲ್ಲಬೇಡಿ. ತಲೆನೋವು ಬರೋದು ಇನ್ಶೂರೆನ್ಸ್ ಕಡೆಯಿಂದ. ಮಾರ್ಪಾಡು ತಿಳಿಸದೇ ಇದ್ದು, ಅಪಘಾತ ಆಗಿ, ಸರ್ವೇಯರ್ ಬಂದು ಕೆಳಗೆ ಬಗ್ಗಿ ಕೆಂಪು ಬಣ್ಣದ ಸ್ಪ್ರಿಂಗ್ ನೋಡಿದ್ರೆ, ನಿಮ್ಮ ಸ್ವಂತ ಕಾರಿನ ಕ್ಲೇಮಿಗೆ ತಕರಾರು ಶುರು. ಹಾಕಿಸೋ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಮಾಡಿ, ಅವರ ಉತ್ತರವನ್ನು ಬರಹದಲ್ಲಿ ಇಟ್ಕೊಳ್ಳಿ. ಫೋನಲ್ಲಿ “ಆಯ್ತು ಸಾರ್” ಅಂದದ್ದು ಲೆಕ್ಕಕ್ಕೆ ಬರಲ್ಲ.

ನಲವತ್ತೈದು ಸಾವಿರ ಎಲ್ಲಿಗೆ ಹೋಯ್ತು

ನಮ್ಮ ಏರಿಯಾದಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ, ನಾವೆಲ್ಲ ಚಾಚಾ ಅಂತೀವಿ. ಗಾಡಿ ಅವರ ಹತ್ತಿರ ಒಯ್ದ್ವಿ. ಅವರು ಸ್ಪ್ರಿಂಗ್ ಮಾತೇ ಎತ್ತಲಿಲ್ಲ. ಬಾನೆಟ್ ಮೂಲೆ ಒತ್ತಿ ಬಿಟ್ಟರು, ಕಾರು ಎರಡು ಸಲ ಕುಣೀತು. ಜಾಕ್ ಹಾಕಿ ಲೋವರ್ ಆರ್ಮಿನ ರಬ್ಬರ್ ಬುಷ್ ತೋರಿಸಿದ್ರು, ಸೀಳಿತ್ತು. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷದ ನಾಲ್ಕು ಅಂಕಿ ಇರುತ್ತಲ್ಲ, ಅದನ್ನು ಓದಿದ್ರು, ಆರು ವರ್ಷ ಹಳೇದು. “ಬೇಟಾ, ಇದು ಎಂಬತ್ತು ಸಾವಿರ ಓಡಿದ ಗಾಡಿ. ಮೊದ್ಲು ಕಂಪನಿಯವ್ರು ಕೊಟ್ಟ ಹ್ಯಾಂಡ್ಲಿಂಗ್ ವಾಪಸ್ ತಗೊಳ್ಳೋಣ, ಆಮೇಲೆ ಬೇರೆ ಹ್ಯಾಂಡ್ಲಿಂಗ್ ನೋಡೋಣ” ಅಂದ್ರು.

ಸೆಕೆಂಡ್ ಹ್ಯಾಂಡ್ ಅನ್ನೋದು ನೆನಪಿರಲಿ ಅಂದಿದ್ದು ಇದಕ್ಕೇ. ಲೋ ಮಾಡಿಸಿ “ವಾಹ್” ಅನ್ನೋರಲ್ಲಿ ಬಹಳ ಜನಕ್ಕೆ ಸಿಕ್ಕ ಖುಷಿ, ಸತ್ತುಹೋಗಿದ್ದ ಶಾಕ್ ಅಬ್ಸಾರ್ಬರ್ ಜಾಗಕ್ಕೆ ಹೊಸದು ಬಂದದ್ದರಿಂದ ಅಂತ ನನ್ನ ಗುಮಾನಿ.

ಹುಡುಗ ದುಡ್ಡು ಹೀಗೆ ಹಂಚಿದ: ಮೊದಲು ನಾಲ್ಕು ಒಳ್ಳೇ ಟೈರು, ಕಂಪನಿ ಹೇಳಿದ ಅಳತೆಯದ್ದೇ. ಆಮೇಲೆ ಕಂಪನಿ ಎತ್ತರದ ಹೊಸ ಶಾಕ್ ಅಬ್ಸಾರ್ಬರ್, ಮೇಲಿನ ಮೌಂಟು, ಬುಷ್‌ಗಳು. ಕೊನೆಗೆ ವೀಲ್ ಅಲೈನ್‌ಮೆಂಟ್. ಸ್ಪ್ರಿಂಗ್ ಹಳೇದೇ. ನಲವತ್ತೈದರಲ್ಲಿ ಸ್ವಲ್ಪ ಉಳೀತು ಕೂಡ. ಈಗ ರಿಂಗ್ ರೋಡಿನ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಡಿ ಮಾತು ಕೇಳುತ್ತೆ, ನಾನೇ ಓಡಿಸಿ ನೋಡಿದೆ. ಚಿಕ್ಕಪ್ಪ ಹಿಂದಿನ ಸೀಟಲ್ಲಿ ಹಂಪ್ ಬಂದಾಗ ಮೇಲಿನ ಹಿಡಿ ಹಿಡ್ಕೊಳ್ಳೋದು ಬಿಟ್ಟಿದ್ದಾರೆ. ಆದ್ರೆ ತಮ್ಮ ಪೂರ್ತಿ ಸಮಾಧಾನ ಆಗಿಲ್ಲ. ಚಕ್ರಕ್ಕೂ ಫೆಂಡರ್‌ಗೂ ನಡುವಿನ ಆ ಗ್ಯಾಪ್ ಇನ್ನೂ ಅವನ ಕಣ್ಣು ಚುಚ್ಚುತ್ತೆ. “ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಣ್ಣಾ” ಅಂತಾನೆ. ಅದೂ ನಿಜವೇ, ತಗ್ಗಿದ ಹ್ಯಾಚ್‌ಬ್ಯಾಕ್ ನೋಡೋಕೆ ಚೆಂದ. ಚೆಂದಕ್ಕೆ ಖರ್ಚು ಮಾಡೋದು ತಪ್ಪು ಅಂತ ನಾನು ಹೇಳಲ್ಲ, ಅದನ್ನು ಹ್ಯಾಂಡ್ಲಿಂಗ್ ಖಾತೆಯಲ್ಲಿ ಬರೀಬೇಡಿ ಅಷ್ಟೇ.

ಇಷ್ಟೆಲ್ಲ ಕೇಳಿಯೂ ಇಳಿಸಲೇಬೇಕು ಅನ್ನೋರು ಇದ್ದೇ ಇರ್ತೀರ. ನಮ್ಮ ರಸ್ತೆಗೆ ಹದಿನೈದರಿಂದ ಇಪ್ಪತ್ತು ಮಿಲಿಮೀಟರ್ ಸಾಕು, ಜೊತೆಗೆ ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರ್ ಹಾಕಿಸಿ. ಕೆಲಸ ಮಾಡಿಸುವಾಗ ಒಂದು ವಿಷಯ ಪಕ್ಕದಲ್ಲೇ ನಿಂತು ನೋಡಿ. ಲೋವರ್ ಆರ್ಮಿನ ಬೋಲ್ಟ್‌ಗಳನ್ನು ಕಾರು ಲಿಫ್ಟ್ ಮೇಲೆ ಚಕ್ರ ನೇತಾಡ್ತಿರುವಾಗ ಫೈನಲ್ ಟೈಟ್ ಮಾಡಬಾರದು. ಚಕ್ರದ ಮೇಲೆ ಕಾರಿನ ತೂಕ ಬಂದ ಮೇಲೆ ಮಾಡಬೇಕು. ಇಲ್ಲಾಂದ್ರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತೆ. ಅಲೈನ್‌ಮೆಂಟ್ ಅವತ್ತೇ ಒಂದು ಸಲ, ಸ್ಪ್ರಿಂಗ್ ಕೂತುಕೊಂಡ ಮೇಲೆ ಐನೂರು ಕಿಲೋಮೀಟರ್ ಆಚೀಚೆ ಇನ್ನೊಂದು ಸಲ. ಪ್ರಿಂಟ್ ಔಟ್ ಕೇಳಿ ತಗೊಳ್ಳಿ. ಹಿಂದೆ ಟಾರ್ಶನ್ ಬೀಮ್ ಇರೋ ಕಾರುಗಳಲ್ಲಿ ಹಿಂದಿನ ಕೋನಗಳನ್ನು ಮಾಮೂಲಿಯಾಗಿ ತಿರುಗಿಸಿ ಸರಿ ಮಾಡೋಕೆ ಬರಲ್ಲ. “ಹಿಂದೇನೂ ಸೆಟ್ ಮಾಡಿದ್ದೀವಿ” ಅಂತ ಯಾರಾದ್ರೂ ಬಿಲ್ ಕೊಟ್ರೆ, ಏನು ಮಾಡಿದ್ರಿ ಅಂತ ಕೇಳಿ. ಆಮೇಲೆ ಎರಡು ಮೂರು ಸಾವಿರ ಕಿಲೋಮೀಟರ್ ಆದಾಗ ಮುಂದಿನ ಟೈರಿನ ಒಳಅಂಚನ್ನು ಕೈಯಿಂದ ಸವರಿ ನೋಡಿ. ಒಳಗಡೆ ಮಾತ್ರ ಸವೀತಿದ್ರೆ ಟೋ ಸರಿಯಾಗಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿದ್ರೆ ಆ ಅಂಚು ಕೈಗೆ ಸಿಗುತ್ತೆ.

ಹಳೇ ಸ್ಪ್ರಿಂಗ್‌ಗಳನ್ನ ಗುಜರಿಗೆ ಹಾಕಬೇಡಿ, ಎಣ್ಣೆ ಸವರಿ ಮೇಲಿನ ರೂಮಿನಲ್ಲಿಡಿ. ಗಾಡಿ ಮಾರೋ ದಿನ ಬೇಕಾಗುತ್ತೆ.

ನಿಮ್ಮ ಏರಿಯಾದ ಹಂಪ್ ಅಳೆದು ಎತ್ತರ, ಅಗಲ ಎರಡನ್ನೂ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಊರಿನ ಹೆಸರು ಹೇಳೋದು ಮರೀಬೇಡಿ. ಮುಂದಿನ ಸಂಚಿಕೆ ಟೈರಿನ ಬಗ್ಗೆ.